ಸಗಣಿ ಬಳಿಯದ ಬುಟ್ಟಿ

ಹೊನ್ನಿಗೆ ಗದ್ದೆ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಹೇರೂರಿನ ಗದ್ದೆ ಮೈದುನ ಚೌಡನ ಕೈಯಲ್ಲೇ ಉಳಿಯಿತು. ಅವಳು ಸಿದ್ದಾಪುರ ಪೇಟೆಯ ಅಂಚಿನಲ್ಲಿ ಒಂದು ಕೋಣೆ ಹಿಡಿದು, ಹೊಟ್ಟೆಪಾಡಿಗೆ ಬಿದಿರಿನ ಬುಟ್ಟಿ ಹೆಣೆಯತೊಡಗಿದಳು. ಹೇರೂರಿನ ಮನೆಯಲ್ಲಿ ಅವಳದೆಂದು ಒಂದೇ ಕೆಲಸ ಉಳಿದಿತ್ತು. ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಎಡೆ ಹೊರುವ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುವುದು. ಅದಕ್ಕೆಂದು ವರ್ಷಕ್ಕೊಮ್ಮೆ ಕರೆ ಬರುತ್ತಿತ್ತು. ಚೌಡನ ಮನೆಗೆ ಸೊಸೆಯಾಗಿ ಚೇತನಾ ಬಂದ ಮೇಲೆ ಅದೂ ನಿಂತಿತು. ಬರೆದಿಟ್ಟ ಬುಟ್ಟಿ ಈಗ ಅಂಗಡಿಯಲ್ಲೇ ಸಿಗುತ್ತದೆ.

ಕರೆ ಬಾರದ ಮೊದಲ ವರ್ಷ ಹೊನ್ನಿಯ ಕೈ ಸುಮ್ಮನಿರಲಿಲ್ಲ. ಬಿದಿರಿನ ಸೀಳುಗಳನ್ನು ಪೇಟೆಯ ಬಣ್ಣದ ಪುಡಿಯಲ್ಲಿ ಕುದಿಸಿದಳು. ಬುಟ್ಟಿಯ ಮೇಲೆ ಬರೆಯುತ್ತಿದ್ದ ಜೋಗಿಜಡೆ ಚಿತ್ತಾರದ ಗೆರೆಗಳನ್ನು ಹೆಣಿಗೆಯಲ್ಲೇ ತಂದಳು, ಗುಲಾಬಿ, ಹಸಿರು, ನೀಲಿಯಲ್ಲಿ. ಶಿರಸಿಯಲ್ಲಿ ಕರಕುಶಲ ವಸ್ತುಗಳ ಅಂಗಡಿ ಇಟ್ಟಿರುವ ಸಮೃದ್ಧಿಗೆ ಅದು ಹಿಡಿಸಿತು. ಯಲ್ಲಾಪುರದ ಹೋಂಸ್ಟೇಗಳಿಗೆ, ಮದುವೆ ಮನೆಗಳ ಉಡುಗೊರೆಗೆ ಅಂತ ಅವಳು ಕೇಳುತ್ತಲೇ ಹೋದಳು, ಹೊನ್ನಿ ಹೆಣೆಯುತ್ತಲೇ ಹೋದಳು. ಮಣಿಕಟ್ಟು ಊದಿತು. ಉಗುರಿನ ಸಂದಿನ ಬಣ್ಣ ಊಟದ ಹೊತ್ತಿಗೂ ಹೋಗುತ್ತಿರಲಿಲ್ಲ.

ಬುಟ್ಟಿಗೆ ಕಟ್ಟುವ ಚೀಟಿಯಲ್ಲಿ ಬರೆಯಬೇಕು, ಇದಕ್ಕೆ ಸ್ಫೂರ್ತಿ ಏನು ಎಂದು ಸಮೃದ್ಧಿ ಒಮ್ಮೆ ಕೇಳಿದ್ದಳು. ತನ್ನನ್ನು ಕರೆಯಲಿಲ್ಲ ಎನ್ನುವುದನ್ನು ಸ್ಫೂರ್ತಿ ಎನ್ನಬಹುದೋ ಇಲ್ಲವೋ ಹೊನ್ನಿಗೆ ಗೊತ್ತಾಗಲಿಲ್ಲ. ಸಮೃದ್ಧಿ ತಾನೇ ‘ಮಲೆನಾಡಿನ ಕಾಡುಹೂಗಳು’ ಎಂದು ಬರೆದುಕೊಂಡಳು.

ಈ ವರ್ಷ ಹೊನ್ನಿ ತಾನಾಗಿಯೇ ಹೇರೂರಿಗೆ ಫೋನ್ ಮಾಡಿದಳು. ಬುಟ್ಟಿ ಕೊಳ್ಳಬೇಡಿ, ನಾನು ತರುತ್ತೇನೆ ಎಂದಳು. ಅಂಗಡಿಯ ಕೆಲಸವೆಲ್ಲ ಮುಗಿಸಿ, ಉಳಿದ ಜೀವದಲ್ಲಿ ಅದನ್ನು ಹೆಣೆದಳು. ಅಷ್ಟು ಚಂದದ ಬುಟ್ಟಿಯನ್ನು ಅವಳು ಅದುವರೆಗೆ ಮಾಡಿರಲಿಲ್ಲ. ಇದೊಂದು ಗದ್ದೆಗೆ ಹೋದರೆ ಮುಂದಿನ ವರ್ಷವೂ ಕರೆ ಬರುತ್ತದೆ ಎನ್ನುವುದು ಅವಳ ಲೆಕ್ಕ.

ಹುಣ್ಣಿಮೆಯ ಹಿಂದಿನ ದಿನ ಹೊನ್ನಿ ಹೇರೂರಿನಲ್ಲಿ ಬಸ್ಸಿಳಿದಾಗ ಚೇತನಾ ಬುಟ್ಟಿಯ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿದಳು. ಒಳಗೆ ಸಗಣಿ ಸಾರಿಸಬೇಕೇನು ಎಂದೂ ಅವಳೇ ಕೇಳಿದಳು.

“ಬ್ಯಾಡ,” ಅಂದಳು ಹೊನ್ನಿ. “ಬಣ್ಣ ಎಲ್ಲ ಮುಚ್ಚಿ ಹೋಗ್ತದೆ.”

ಭೂಮಿ ಹುಣ್ಣಿಮೆಯೆಂದರೆ ತೆನೆ ಹೊತ್ತ ಗದ್ದೆಯನ್ನು ಬಸುರಿಯೆಂದು ತಿಳಿದು ಬಯಕೆಯ ಊಟ ಬಡಿಸುವ ಹಬ್ಬ. ಬೆಳಗಿನ ಜಾವ ಚೇತನಾ ಬುಟ್ಟಿಗೆ ಬಾಳೆಲೆ ಹಾಸಿ, ಒಲೆಯಿಂದ ಇಳಿಸಿದ ಬಿಸಿ ಅನ್ನ, ಬೆರಕೆ ಸೊಪ್ಪಿನ ಪಲ್ಯ, ಸೌತೆಕಾಯಿ ಕಡುಬು ತುಂಬಿದಳು. ಚೌಡ ತಲೆಯ ಮೇಲೆ ಸಿಂಬಿ ಇಟ್ಟು ಬುಟ್ಟಿ ಹೊತ್ತ. ಹೊನ್ನಿ ಹಿಂದೆ ನಡೆದಳು. ಬಹಳ ದಿನಗಳ ಮೇಲೆ ಅವಳಿಗೆ ಮಣಿಕಟ್ಟಿನ ನೋವು ಗೊತ್ತಾಗಲಿಲ್ಲ.

ಗದ್ದೆಯ ಅಂಚಿಗೆ ಬರುವಾಗ ಬೆಳಕು ಹರಿದಿತ್ತು. ಚೌಡನ ಹಣೆಯ ಮೇಲೆ ಗುಲಾಬಿ ಬಣ್ಣದ ನೀರು ಇಳಿಯುತ್ತಿತ್ತು. ಕಿವಿಯ ಹಿಂದಿನಿಂದ ಹಸಿರು ಇಳಿದು ಬಿಳಿ ಅಂಗಿಯ ಕಾಲರಿಗೆ ಸೇರಿತ್ತು. ಕೈಯಿಂದ ಒರೆಸಿಕೊಂಡು ನೋಡಿ ಅವನು ನಿಂತ.

“ಎಂತ ಅತ್ತಿಗೆ, ಹೋಳಿ ಹುಣ್ಣಿಮೆ ಅಂದ್ಕಂಡ್ಯಾ?”

ಚೇತನಾ ನಕ್ಕಳು. ಹೊನ್ನಿಯೂ ನಗಲು ನೋಡಿದಳು. ಬುಟ್ಟಿ ಇಳಿಸಿದ ಮೇಲೆ ಯಾರೂ ನಗಲಿಲ್ಲ. ಬಿಸಿಗೆ ಬಾಳೆಲೆ ಬಾಡಿ ಸೀಳಿತ್ತು. ಕಡುಬಿನ ನೀರಿಗೆ ಬಣ್ಣ ಬಿಟ್ಟು ಅನ್ನ ಅಡಿಯಿಂದ ನೀಲಿಯಾಗಿತ್ತು, ಕಡುಬುಗಳ ಮೈಗೆ ಗುಲಾಬಿ ಪಟ್ಟೆ ಬಿದ್ದಿತ್ತು. ಇಷ್ಟು ವರ್ಷ ಅವಳ ಬಣ್ಣದ ಬುಟ್ಟಿಗಳಲ್ಲಿ ಜನ ಪತ್ರಿಕೆ ಇಟ್ಟಿದ್ದರು, ಕಾಗದದ ಹೂ ಇಟ್ಟಿದ್ದರು. ಬಿಸಿ ಅನ್ನ ಯಾರೂ ಇಟ್ಟಿರಲಿಲ್ಲ, ಅವಳೂ ಇಟ್ಟು ನೋಡಿರಲಿಲ್ಲ. ಹೆಣಿಗೆಯ ಸಂದು ಮುಚ್ಚಿ ಅನ್ನ ಬಿದಿರಿಗೆ ತಾಗದಿರಲೆಂದೇ ಸಗಣಿ ಬಳಿಯುತ್ತಿದ್ದರು ಎನ್ನುವುದು ಅವಳಿಗೆ ಗೊತ್ತಿದ್ದದ್ದೇ. ಗೊತ್ತಿದ್ದೂ ಬೇಡ ಅಂದಿದ್ದಳು.

ಮೇಲಿನ ಅನ್ನ ಬೆಳ್ಳಗೇ ಇದೆ, ಅದನ್ನಾದರೂ ಬಡಿಸಬಹುದು ಎಂದು ಹೊನ್ನಿ ಮೆಲ್ಲಗೆ ಹೇಳಿದಳು.

“ಬಸುರಿಗೆ ಬಡಿಸಾ ಊಟ ಇದು,” ಅಂದ ಚೌಡ. ದನಿ ಏರಿಸಲಿಲ್ಲ. “ಬಣ್ಣದ ಪುಡಿ ಬಡಿಸ್ಲಾ?”

ಚೇತನಾ ಮನೆಗೆ ಓಡಿ, ಪಾತ್ರೆಯ ತಳದಲ್ಲಿ ಉಳಿದ ಅನ್ನವನ್ನು ಸ್ಟೀಲ್ ಡಬ್ಬಿಯಲ್ಲಿ ತಂದಳು. ಪೂಜೆ ಅದರಲ್ಲೇ ಆಯಿತು. ನೀಲಿ ಅನ್ನವನ್ನು ದನಕ್ಕೂ ಹಾಕುವ ಹಾಗಿರಲಿಲ್ಲ. ಚೌಡ ಗದ್ದೆಯಾಚೆ ಗುಂಡಿ ತೋಡಿ ಎಲ್ಲವನ್ನೂ ಸುರಿದ. ಬುಟ್ಟಿಯನ್ನೂ ಅದರ ಮೇಲೆ ಮಗುಚಿ ಮಣ್ಣು ಎಳೆದ. ಹೊನ್ನಿ ನೆಲದ ಮೇಲಿದ್ದ ಸಿಂಬಿ ಎತ್ತಿಕೊಂಡಳು.

ವಾಪಸ್ಸು ಬರುವಾಗ ಚೇತನಾ ಪಕ್ಕಕ್ಕೆ ಬಂದು ನಡೆದಳು. ಅವಳಿಗೆ ಸಿಟ್ಟೇನೂ ಇರಲಿಲ್ಲ.

“ಮುಂದಿನ ವರ್ಷ ಅಂಗಡಿದೇ ತರ್ತೇವೆ ದೊಡ್ಡತ್ತೆ. ನೀವು ಸುಮ್ಮನೆ ಊಟಕ್ಕೆ ಬನ್ನಿ, ನೆಂಟ್ರು ಬಂದ ಹಾಗೆ.”

ಹೊನ್ನಿ ಆಯ್ತು ಅಂದಳು. ಊಟಕ್ಕೆ ನಿಲ್ಲದೆ ಮೊದಲ ಬಸ್ಸು ಹತ್ತಿದಳು.

ಹೋದದ್ದು ಮೂರು ಸೇರು ಅಕ್ಕಿಯ ಅನ್ನ, ಒಂದು ಪಾತ್ರೆ ಪಲ್ಯ, ಹನ್ನೊಂದು ಕಡುಬು, ಚೌಡನ ಒಂದು ಬಿಳಿ ಅಂಗಿ, ಒಂದು ಬುಟ್ಟಿ, ಒಂದು ಮನೆ.