ಪಾಲಿಗೆ ಬಂದ ಬೋಲ್ಟು

ಚಕ್ರದ ಡ್ರಮ್ಮನ್ನು ಎಳೆದು ತೆಗೆಯುವ ಪುಲ್ಲರಿನ ಕಾಲು ಮೂರನೆಯ ಸಲವೂ ಜಾರಿತು. ಈ ಸಲ ಡ್ರಮ್ಮಿನ ಅಂಚಿನಿಂದ ಉಗುರಿನಷ್ಟು ಚೂರು ಎದ್ದು ಗೋಡೆಗೆ ಬಡಿಯಿತು. ಮರಿ ಮೇಸ್ತ್ರಿ ಸ್ಪ್ಯಾನರನ್ನು ಕೆಳಗಿಟ್ಟು ಆ ಚೂರನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದಳು. ಇನ್ನೊಂದು ಸಲ ಜಾರಿದರೆ ಡ್ರಮ್ಮೇ ಸೀಳುತ್ತದೆ. ಸೀಳಿದರೆ ಇನ್ನೊಂದನ್ನು ತರುವುದಕ್ಕೆ ಆ ಕಾರು ಮಾಡಿದ ಕಂಪನಿಯೇ ಈಗ ಇರಲಿಲ್ಲ.

ಕಾರು ಅವಳ ತಾತನದು. ಉದ್ದ ಮೂತಿ, ದುಂಡು ಬೆನ್ನು, ಬಾಗಿಲು ಹಾಕಿದರೆ ಬೀರು ಮುಚ್ಚಿದ ಸದ್ದು. ಅದರ ಇಂಜಿನ್ನನ್ನು ಅವಳೇ ಬಿಚ್ಚಿ ಕಟ್ಟಿ, ಹೋದ ವಾರ ಮಾತಾಡಿಸಿಯೂ ಆಗಿತ್ತು. ಹಟ ಹಿಡಿದದ್ದು ಎಡಗಡೆಯ ಹಿಂದಿನ ಚಕ್ರ ಒಂದೇ. ಯಾವ ಪುಣ್ಯಾತ್ಮರೋ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ ಹೋಗಿದ್ದರಿಂದ ಬ್ರೇಕಿನ ಪಟ್ಟಿಗಳು ತುಕ್ಕು ಹಿಡಿದು ಡ್ರಮ್ಮಿಗೆ ಕಚ್ಚಿಕೊಂಡಿದ್ದವು. ಡ್ರಮ್ ಬಿಚ್ಚದೆ ಗಾಡಿ ಒಂದು ಗೇಣೂ ಉರುಳುತ್ತಿರಲಿಲ್ಲ. ಕಾರು ನಿಂತಿದ್ದ ಶೆಡ್ಡು ಮಾರಾಟವಾಗಿತ್ತು, ಸಂಜೆಯೊಳಗೆ ಖಾಲಿಯಾಗಬೇಕಿತ್ತು. ಬಾಗಿಲು ಕಿರಿದಾಗಿದ್ದರಿಂದ ಕ್ರೇನು ಒಳಗೆ ಬರುವಂತಿರಲಿಲ್ಲ. ಕಾರು ತಾನಾಗಿ ಹೊರಗೆ ಬರದಿದ್ದರೆ ನಿಂತಲ್ಲೇ ಕತ್ತರಿಸಿ ತೂಕಕ್ಕೆ ಹಾಕುವುದೆಂದು ಮಾತಾಗಿತ್ತು. ಗುಜರಿಯವನು ಗ್ಯಾಸ್ ಸಿಲಿಂಡರ್ ಸಮೇತ ಬಂದು ಬಾಗಿಲಲ್ಲಿ ಕೂತಿದ್ದ. ಕೆಟ್ಟವನೇನಲ್ಲ, ಸಾವಿನ ಮನೆಗೆ ಬಂದವನ ಹಾಗೆ ಮುಖ ಸಣ್ಣದು ಮಾಡಿಕೊಂಡೇ ಇದ್ದ.

ಅಪ್ಪ, ಬೀದಿಯವರ ಬಾಯಲ್ಲಿ ದೊಡ್ಡ ಮೇಸ್ತ್ರಿ, ಎಣ್ಣೆ ಡಬ್ಬದ ಮೇಲೆ ಕೂತು ಬೆಳಗಿನಿಂದ ಸಲಹೆ ಕೊಡುತ್ತಿದ್ದರು. ಬಿಸಿ ಮಾಡು ಎಂದರು. ಬಿಸಿ ಮಾಡಿ ಆಗಿತ್ತು. ಹಾಗಾದರೆ ದೊಡ್ಡ ಸುತ್ತಿಗೆ ತಗೋ ಎಂದರು.

"ತಾತ ಸುತ್ತಿಗೇಲಿ ಹೊಡೀತಿದ್ರಾ ಇದಕ್ಕೆ?" ಎಂದಳು ಮಗಳು.

ಅಪ್ಪ ಚಾವಣಿ ನೋಡಿದರು. ಮತ್ತೆ ಯಾವುದರಲ್ಲಿ ಬಿಚ್ಚುತ್ತಿದ್ದರು ಎಂದು ಕೇಳುವುದನ್ನು ಮಗಳು ಬಿಡಲಿಲ್ಲ. ಕೊನೆಗೆ ಅವರು ಗೊಣಗುತ್ತ ಎದ್ದು ಮನೆಗೆ ಹೋಗಿ, ಒಂದು ಗೋಣಿಚೀಲವನ್ನು ಮಗುವಿನಂತೆ ಎತ್ತಿಕೊಂಡು ಬಂದರು. ಒಳಗಿದ್ದದ್ದು ಗಂಟೆಯಾಕಾರದ ಭಾರವಾದ ಉಕ್ಕಿನ ತುಂಡು. ಒಳಮೈಗೆಲ್ಲ ತಿರುಪಿನ ಥ್ರೆಡ್ ಇತ್ತು. ಅವಳು ಅದನ್ನು ಡ್ರಮ್ಮಿನ ಮೂತಿಗೆ ಹಿಡಿದು ತಿರುಗಿಸಿದಳು. ಡಬ್ಬಕ್ಕೆ ಮುಚ್ಚಳ ಕೂತ ಹಾಗೆ ಅದು ತಿರುಗುತ್ತ ಹೋಗಿ ಕೊನೆಗೆ ಗಟ್ಟಿಯಾಗಿ ನಿಂತಿತು. ಅವಳ ಮೈ ಜುಮ್ಮೆಂದಿತು. ಇದೇ, ಈ ಕಾರಿಗೆಂದೇ ಮಾಡಿದ ಪುಲ್ಲರ್. ಇದಕ್ಕಾಗಿ ಅವಳು ಕಂಡ ಕಂಡ ಗುಜರಿ ಅಂಗಡಿಗೆಲ್ಲ ಎಡತಾಕಿದ್ದಳು, ಸಿಕ್ಕ ಹಳೆ ಮೇಸ್ತ್ರಿಗಳ ತಲೆಯೆಲ್ಲ ತಿಂದಿದ್ದಳು. ಅದು ನೋಡಿದರೆ ಅಪ್ಪನ ಮಂಚದ ಕೆಳಗೆ ಮಲಗಿತ್ತು. ಸಂತೋಷ ಮೊದಲೋ ಸಿಟ್ಟು ಮೊದಲೋ ಎಂದು ತೀರ್ಮಾನವಾಗುವ ಮುಂಚೆ ಅವಳ ಕಣ್ಣು ನಡುವಿನ ತೂತಿನ ಮೇಲೆ ಬಿತ್ತು. ಬರೀ ತೂತು. ಅದರೊಳಗೆ ತಿರುಗಿ ಆಕ್ಸಲನ್ನು ಒತ್ತಬೇಕಾದ ಬೋಲ್ಟೇ ಇರಲಿಲ್ಲ.

"ಬೋಲ್ಟೆಲ್ಲಪ್ಪ?"

"ಪಾಲಿಗೆ ಹೋಯ್ತು."

ತಾತ ಹೋದಮೇಲೆ ಅಣ್ಣತಮ್ಮಂದಿರು ಗ್ಯಾರೇಜನ್ನು ಹಿಸ್ಸೆ ಮಾಡಿಕೊಂಡದ್ದು ಅವಳಿಗೆ ಗೊತ್ತಿತ್ತು. ಸ್ಪ್ಯಾನರು ನಿನಗೊಂದು ನನಗೊಂದು, ಜಾಕು ನಿನಗೊಂದು ನನಗೊಂದು. ಈ ಪುಲ್ಲರ್ ಮಾತ್ರ ಒಂದೇ ಇತ್ತಂತೆ. ಇಬ್ಬರೂ ಪಟ್ಟು ಬಿಡಲಿಲ್ಲವಂತೆ. ನ್ಯಾಯ ಹೇಳಲು ಬಂದಿದ್ದ ಹಿರಿಯರಿಗೆ ಊಟದ ಹೊತ್ತು ಮೀರಿತ್ತೋ ಏನೋ, ದೊಡ್ಡವನಿಗೆ ಗಂಟೆ, ಚಿಕ್ಕವನಿಗೆ ಬೋಲ್ಟು ಎಂದು ತೀರ್ಪು ಕೊಟ್ಟು ಎದ್ದರಂತೆ. ಅಂದಿನಿಂದ ಇಂಥ ಕಾರು ಬಂದರೆ ಇಬ್ಬರೂ ಈ ಮಾಡೆಲ್ಲೇ ಸರಿಯಿಲ್ಲ ಎಂದು ಸಾಗಹಾಕುತ್ತಿದ್ದರು. ಅಪ್ಪ ಲೇತಿನವನಿಂದ ಬೇರೆ ಬೋಲ್ಟು ಮಾಡಿಸಿದ್ದರು. ಆ ಹಳೆಯ ಥ್ರೆಡ್ಡಿನ ಅಳತೆ ಅವನಿಗೆ ಹಿಡಿಯಲಿಲ್ಲ. ಮೊದಲ ಬಿಗಿತಕ್ಕೇ ಕಿತ್ತು ಬಂದಿತ್ತು. ತಮ್ಮನನ್ನು ಒಂದು ಮಾತು ಕೇಳಬಹುದಿತ್ತು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದ್ದರು.

ಅವಳು ಕೈ ಒರೆಸಿಕೊಂಡು ಹೊರಟಳು. ಹೋಗಬೇಡ ಎನ್ನುವುದಕ್ಕೆ ಅಪ್ಪ ಬಾಯಿ ತೆರೆದವರು, ಸಿಲಿಂಡರಿನ ಕಡೆ ನೋಡಿ ಮುಚ್ಚಿಕೊಂಡರು.

ಚಿಕ್ಕ ಮೇಸ್ತ್ರಿಯ ಗ್ಯಾರೇಜು ಹಿಂದಿನ ಬೀದಿಯಲ್ಲೇ ಇತ್ತು. ಚಿಕ್ಕಪ್ಪ ಒಂದು ವ್ಯಾನಿನ ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತೇ ಎಲ್ಲ ಕೇಳಿಸಿಕೊಂಡರು. ತಲೆ ಹೊರಗೆ ತೆಗೆಯಲಿಲ್ಲ. ನಿಮ್ಮಪ್ಪ ಕಳಿಸಿದನಾ ಎಂದು ಕೇಳಿದರು. ಹೌದು ಎಂದರೆ ಸುಲಭವಿತ್ತು. ಅವಳು ಇಲ್ಲ, ನಾನೇ ಬಂದೆ ಎಂದಳು. ಹಾಗಾದರೆ ಬೋಲ್ಟು ಕೊಡುವುದಿಲ್ಲ, ಬೇಕಿದ್ದರೆ ಗಂಟೆಯನ್ನೇ ಇಲ್ಲಿಗೆ ತರಲಿ ಎಂದರು.

"ಗಂಟೆ ಡ್ರಮ್ಮಿಗೆ ಕೂತಿದೆ ಚಿಕ್ಕಪ್ಪ. ಡ್ರಮ್ಮು ಕಾರಿಗೆ ಅಂಟಿದೆ. ಕಾರು ಅಲ್ಲಾಡಲ್ಲ. ಇನ್ನು ಬರೋದಕ್ಕಾಗೋದು ನಿಮಗೆ ಮಾತ್ರ."

ಒಳಗಿನಿಂದ ಚಿಕ್ಕಮ್ಮನ ನಗು ಕೇಳಿಸಿತು. ಚಿಕ್ಕಪ್ಪ ಹೊರಗೆ ಬಂದು, ಬೀರುವಿನ ಬೀಗ ತೆಗೆದು, ಮೃದುವಾದ ಹಳದಿ ಬಟ್ಟೆ ಸುತ್ತಿದ ಬೋಲ್ಟನ್ನು ತೆಗೆದರು. ಮೊಳದುದ್ದ ಇತ್ತು. ಎಣ್ಣೆ ಹಚ್ಚಿ ಹಚ್ಚಿ ಹೊಸದರಂತೆ ಹೊಳೆಯುತ್ತಿತ್ತು. ಅವಳು ಕೈ ಚಾಚಿದಳು. ಅವರು ಕೊಡಲಿಲ್ಲ.

"ನಾನೇ ಹಿಡ್ಕೊಂಡ್ ಬರ್ತೀನಿ, ನಾನೇ ತಿರುಗಿಸ್ತೀನಿ. ನನ್ನ ಪಾಲಿನದು ನನ್ನ ಕೈಲೇ ಇರುತ್ತೆ."

ಶೆಡ್ಡಿನಲ್ಲಿ ಅಣ್ಣತಮ್ಮಂದಿರು ಎದುರಾದರೂ ಮಾತಿಲ್ಲ ಕತೆಯಿಲ್ಲ. ಚಿಕ್ಕಪ್ಪ ನೇರ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತರು. ಬೋಲ್ಟು ತೂತಿಗೆ ಹೋಗಿ, ಕೈಬೆರಳಿನ ತಿರುವಿಗೇ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಆಮೇಲೆ ತೊಡಕು ಬಂತು. ಬೋಲ್ಟು ಬಿಗಿ ಮಾಡುವಾಗ ಗಂಟೆ ತಾನೂ ತಿರುಗದಂತೆ ಇನ್ನೊಬ್ಬರು ಸಲಾಕೆ ಹಾಕಿ ಹಿಡಿಯಬೇಕು. ನಿಮ್ಮಪ್ಪನಿಗೆ ಹಿಡಿಯುವುದಕ್ಕೆ ಹೇಳು ಎಂದರು ಚಿಕ್ಕಪ್ಪ. ಹಿಡಿದಿದ್ದೇನೆ ಎಂದು ಹೇಳು ಎಂದರು ಅಪ್ಪ. ಆಕ್ಸಲಿನ ನಟ್ಟನ್ನು ಪೂರ್ತಿ ಬಿಚ್ಚದೆ ಎರಡು ಸುತ್ತು ಉಳಿಸಿದ್ದಾನಾ ಕೇಳು, ಇಲ್ಲದಿದ್ದರೆ ಡ್ರಮ್ ಹಾರಿ ಮುಖಕ್ಕೆ ಬರುತ್ತೆ ಎಂದರು ಚಿಕ್ಕಪ್ಪ. ಅಷ್ಟು ಗೊತ್ತಿಲ್ಲದವನಾ ನಾನು ಎಂದು ಹೇಳು ಎಂದರು ಅಪ್ಪ. ಅರ್ಧ ಅಡಿ ದೂರದಲ್ಲಿ ಕೂತ ಇಬ್ಬರ ನಡುವೆ ಟಪಾಲು ಹಂಚಿ ಅವಳಿಗೆ ಸಾಕಾಯಿತು.

ಬೋಲ್ಟು ಬಿಗಿಯಾಯಿತು. ಸಲಾಕೆ ಬಾಗುವಷ್ಟು ಬಿಗಿಯಾಯಿತು. ಡ್ರಮ್ ಮಿಸುಕಲಿಲ್ಲ. ಚಿಕ್ಕಪ್ಪನ ಕುತ್ತಿಗೆಯ ನರ ಎದ್ದಿತು, ಅಪ್ಪ ಸಲಾಕೆಗೆ ಭುಜ ಕೊಟ್ಟರು. ಗುಜರಿಯವನು ಎದ್ದು ನಿಂತ. ಅವಳಿಗೆ ಅಳು ಬಂತು. ಇಷ್ಟು ಮಾಡಿ, ಇಬ್ಬರನ್ನೂ ಒಂದು ಚಕ್ರದ ಮುಂದೆ ತಂದು ಕೂರಿಸಿ, ಈಗ ಸೋಲುವುದೇ ಎನಿಸಿತು.

"ಇನ್ನು ತಿರುಗಿಸ್ಬೇಡ ಕಣೋ," ಎಂದರು ಅಪ್ಪ. ಈ ಸಲ ಹೇಳಿದ್ದು ನೇರವಾಗಿ ತಮ್ಮನಿಗೆ. "ಅಪ್ಪ ಇಲ್ಲಿಗೇ ನಿಲ್ಲಿಸ್ತಿದ್ರು."

"ನಿಲ್ಲಿಸಿ ತಲೆ ಮೇಲೆ ಒಂದೇ ಒಂದು ಕೊಡ್ತಿದ್ರು," ಎಂದರು ಚಿಕ್ಕಪ್ಪ. ಇಬ್ಬರೂ ಹಿಡಿದ ಕೈ ಬಿಡುವಂತಿರಲಿಲ್ಲ. "ಪುಟ್ಟಿ, ಸುತ್ತಿಗೆ ತಗೋ. ಬೋಲ್ಟಿನ ತಲೆಗೆ, ನೇರವಾಗಿ."

ಅವಳು ಕಾಲು ಅಗಲಿಸಿ ನಿಂತು, ಉಸಿರು ಹಿಡಿದು, ಒಂದು ಏಟು ಹಾಕಿದಳು. ಕೋವಿ ಹಾರಿದಂಥ ಸದ್ದಾಯಿತು. ಎದುರುಮನೆಯ ಕಿಟಕಿ ತೆರೆಯಿತು, ನಾಯಿ ಓಡಿತು. ಡ್ರಮ್ ಮುಂದಕ್ಕೆ ನೆಗೆದು ಬಂದು ನಟ್ಟಿಗೆ ಒರಗಿ ನಿಂತಿತ್ತು. ಅಂಚಿನ ಆ ಚಿಕ್ಕ ಚೂರು ಬಿಟ್ಟರೆ ಎಲ್ಲೂ ಒಂದು ಗೆರೆ ಬಿದ್ದಿರಲಿಲ್ಲ. ಅವಳು ಸುತ್ತಿಗೆ ಎತ್ತಿಕೊಂಡೇ ಕುಣಿದಳು. ಗೆದ್ದೆ ಎಂದು ಗಟ್ಟಿಯಾಗಿ ಹೇಳಿದಳು, ನಾಚಿಕೆ ಬಿಟ್ಟು ಇನ್ನೊಮ್ಮೆ ಹೇಳಿದಳು.

ಪಟ್ಟಿಗಳ ತುಕ್ಕು ಉಜ್ಜಿ, ಡ್ರಮ್ ಕೂರಿಸಿ, ಚಕ್ರ ಹಾಕುವುದರಲ್ಲಿ ಬಿಸಿಲು ಓರೆಯಾಯಿತು. ಸ್ಟೀರಿಂಗ್ ಹಿಡಿದದ್ದು ಅವಳು. ಇಂಜಿನ್ ಕೆಮ್ಮಿ, ಗೊಣಗಿ, ಆಮೇಲೆ ಒಂದೇ ದನಿಗೆ ಬಂತು. ಹಿಂದಿನಿಂದ ಎಲ್ಲರಿಗಿಂತ ಜೋರಾಗಿ ತಳ್ಳಿದವನು ಗುಜರಿಯವನು; ತಳ್ಳುವ ಅಗತ್ಯವೇ ಇರಲಿಲ್ಲ. ಕಾರು ಬಾಗಿಲು ದಾಟಿ ಬೀದಿಗೆ ಬಂತು.

ಅವಳ ಪಕ್ಕದ ಸೀಟಿಗೆ ಇನ್ನೂ ಸ್ಪ್ರಿಂಗ್ ಕಟ್ಟಿರಲಿಲ್ಲ. ಹಾಗಾಗಿ ಅಪ್ಪ ಒಂದು ಬಾಗಿಲಿನಿಂದ, ಚಿಕ್ಕಪ್ಪ ಇನ್ನೊಂದು ಬಾಗಿಲಿನಿಂದ ಹಿಂದೆ ಹತ್ತಿ, ತಮ್ಮ ತಮ್ಮ ಕಿಟಕಿಯಾಚೆ ನೋಡುತ್ತ ಕೂತರು. ಹಳೆಯ ಸೀಟು ನಡುವೆ ಕುಸಿದಿತ್ತು. ಬೀದಿಯ ತಿರುವಿನಲ್ಲಿ ಇಬ್ಬರೂ ಜಾರಿ ಭುಜಕ್ಕೆ ಭುಜ ತಗುಲಿತು. ಕನ್ನಡಿಯಲ್ಲಿ ಅವಳು ನೋಡಿದಳು: ರಸ್ತೆ ಮತ್ತೆ ನೇರವಾದಮೇಲೂ ಇಬ್ಬರೂ ಹಾಗೆಯೇ, ಒಬ್ಬರಿಗೊಬ್ಬರು ಒರಗಿ, ಕಿಟಕಿಯಾಚೆ ನೋಡುತ್ತಿದ್ದರು.