ಕೊಟ್ಟೂರಪ್ಪ ಬಳಿಸಿದ ನೀಲಿ

ಸುನಂದಾ ಎಂ.ಎ.ಗೆ ಕಲಾ ಇತಿಹಾಸ ಓದುತ್ತಿದ್ದಾಳೆ ಎಂದರೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಬ್ಬರು ಬ್ಲೌಸಿಗೆ ಡಿಸೈನ್ ಬರೆದುಕೊಡು ಎಂದು ಬರುತ್ತಿದ್ದರು, ಇನ್ನೊಬ್ಬರು ಮೆಹಂದಿ ಹಾಕು ಎಂದು ಕೈ ಚಾಚುತ್ತಿದ್ದರು. ತಾಯಿ ಚನ್ನವೀರಮ್ಮ ಮೊದಮೊದಲು ಬಿಡಿಸಿ ಹೇಳಿದಳು. ಬರಬರುತ್ತ "ಟೀಚರ್ ಆಗ್ತಾಳ" ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗುವುದನ್ನು ಕಲಿತಳು.

ಒಂದು ಭಾನುವಾರ ಚನ್ನವೀರಮ್ಮನ ಅಣ್ಣ ಕೊಟ್ಟೂರಪ್ಪ ಕುರುಗೋಡಿನಿಂದ ಒಂದು ಗಂಡಿನ ಫೋಟೋ ತಂದಿದ್ದ. ಸಿರುಗುಪ್ಪದ ಅಕ್ಕಿ ಗಿರಣಿಯ ಮನೆತನ, ಹುಡುಗನಿಗೆ ಇಪ್ಪತ್ತೆಂಟು. ಸುನಂದಾಳ ತಂದೆ ಗವಿಸಿದ್ದೇಶ್ ಫೋಟೋ ನೋಡಿದ್ದೇ ತಡ, ಹೇಳಿಬಿಟ್ಟ: "ಇದು ಕೂಡಿ ಬಂದ್ರ ಎರಡನೇ ವರ್ಷದ ಓದು ಬ್ಯಾಡ."

ಮಗಳು ಓದು ಮುಗಿಸಲಿ ಎಂಬುದೊಂದೇ ಚನ್ನವೀರಮ್ಮನ ಆಸೆ. ಆದರೂ ಅಣ್ಣನಿಗೆಂದು ಮಿರ್ಚಿ ಬಜ್ಜಿಗೆ ಹಿಟ್ಟು ಕಲಸಿದಳು.

"ಹಳೇ ಕಲ್ಲು ನೋಡಾಕ ಯಾರವ್ವಾ ಪಗಾರ ಕೊಡ್ತಾರ?" ಕೊಟ್ಟೂರಪ್ಪ ಕೆಣಕಿದ.

"ಮ್ಯೂಸಿಯಂದಾಗ ಕೊಡ್ತಾರ ಮಾಮಾ, ಕಾಲೇಜಿನ್ಯಾಗ ಕೊಡ್ತಾರ."

"ಗಿರಣಿ ಮನಿ ಸೇರಿದ್ರ ಹತ್ತು ಮಂದಿಗೆ ನೀನಾ ಕೊಡಬಹುದಲ್ಲೇ!"

ಸುನಂದಾ ಫೋಟೋ ಎತ್ತಿಕೊಂಡಳು. ಗಂಡಿನ ಮುಖಕ್ಕಿಂತ ಅವನ ಹಿಂದಿನ ಬಾಗಿಲನ್ನೇ ಹೆಚ್ಚು ಹೊತ್ತು ನೋಡಿದಳು.

"ಇದು ನಿಮ್ಮೂರ ಕೆರಿ ದಂಡಿ ಗುಡಿ ಅಲ್ಲೇನು? ದ್ವಾರಪಾಲಕರಿಗೆ ಬಣ್ಣ ಯಾವಾಗ ಬಳಿಸಿದ್ರಿ?"

ಕೊಟ್ಟೂರಪ್ಪನ ಎದೆ ಉಬ್ಬಿತು. ನೀಲಿ ಮೈ, ಗುಲಾಬಿ ತುಟಿ, ಬಂಗಾರದ ಗದೆ: ಆ ಪೇಂಟು ಅವನ ಬದುಕಿನ ದೊಡ್ಡ ಸೇವೆ. ಹಳೇ ಕೆತ್ತನೆ ಮುಚ್ಚಿಹೋಗಿದೆ, ಅದನ್ನು ತೆಗೆಸು ಎಂದು ಸುನಂದಾ ಕಾಡಿದ್ದನ್ನು ಅವನು ಇನ್ನೂ ಕ್ಷಮಿಸಿರಲಿಲ್ಲ.

"ನಾನಾ ಮುಂದ ನಿಂತು ಬಳಿಸೀನಿ. ನೀ ಅವಾಗ ನಾಲ್ಕನೇ ಕ್ಲಾಸಿನ್ಯಾಗ ಇದ್ದಿ. ಲಂಗಕ್ಕ ನೀಲಿ ಹಚ್ಚಿಕೊಂಡು ನಿಮ್ಮವ್ವನ ಕಡಿಂದ ಬೈಸಿಕೊಂಡಿ."

"ಈ ಫೋಟೋದಾಗ ಬರೇ ಕಲ್ಲು ಐತಿ, ಮಾಮಾ."

ಗವಿಸಿದ್ದೇಶ್ ಕನ್ನಡಕ ಒರೆಸಿಕೊಂಡು ನೋಡಿದ. ಹಿಂದೆ ಬೋಳು ಕಲ್ಲು. ಮುಂದೆ ದಪ್ಪ ಮೀಸೆ, ಅಂಗಿಯ ಗುಂಡಿ ಎಳೆಯುವ ಹೊಟ್ಟೆ.

"ಹಂಗಾರ ಇದು ಹನ್ನೆರಡು ವರ್ಷದ ಹಿಂದಿನ ಫೋಟೋ. ಅವಾಗ ಹುಡುಗಗ ಹದಿನಾರು," ಚನ್ನವೀರಮ್ಮ ಒಲೆಯ ಬಳಿಯಿಂದಲೇ ಮೆಲ್ಲಗೆ ಹೇಳಿದಳು. "ಹದಿನಾರಕ್ಕ ಇಂಥಾ ಮೀಸಿ! ಗಿರಣಿ ಅಕ್ಕಿ ಭಾಳ ಛಲೋ ಇರಬೇಕು, ಅಣ್ಣಾ."

ಕೊಟ್ಟೂರಪ್ಪ ಫೋನ್ ಹಿಡಿದು ಹೊರಗೆ ಹೋದ. ಒಳಗೆ ಬಂದಾಗ ಮುಖ ಸಣ್ಣದಾಗಿತ್ತು. "ಹುಡುಗಗ ಈಗ ನಲವತ್ತಂತ."

ಗವಿಸಿದ್ದೇಶ್ ಮಿರ್ಚಿಯ ತಟ್ಟೆ ಹತ್ತಿರ ಎಳೆದುಕೊಂಡ. "ನಿಮ್ಮ ಕ್ಲಾಸು ಯಾವಾಗ ಶುರು?" ಎಂದು ಮಗಳನ್ನು ಕೇಳಿದ.

ಸುದ್ದಿ ಓಣಿಗೆಲ್ಲ ಹಬ್ಬಿತು. ಈಗ ಬ್ಲೌಸಿನ ಬದಲು ಗಂಡುಗಳ ಫೋಟೋ ಬರುತ್ತವೆ. ಈ ಓದಿಗೆ ಏನು ಕೆಲಸ ಸಿಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಮೊನ್ನೆ ಕೊಟ್ಟೂರಪ್ಪನೂ ತನ್ನ ಮಗಳಿಗೆ ಬಂದ ಫೋಟೋ ಹಿಡಿದು ಬಂದ.

"ನೋಡ್ತೀನಿ ಮಾಮಾ. ಮೊದಲು ಆ ಪೇಂಟ್ ತೆಗಸ್ರಿ."

"ತೆಗಸೂದಾ? ಆ ಬಣ್ಣ ಇಲ್ದಿದ್ರ ನೀ ಈಗ ಸಿರುಗುಪ್ಪದಾಗ ಇರ್ತಿದ್ದಿ! ಗುಡಿ ಕಮಿಟಿಯಾಗ ಮಾತಾಡೀನಿ. ಈ ವರ್ಷ ಕಂಬಕ್ಕೂ ಬಳಿಸ್ತೀವಿ."

ಸುನಂದಾ ಆಸರೆಗೆಂದು ತಾಯಿಯ ಮುಖ ನೋಡಿದಳು. ಆ ನೀಲಿಗೆ ದಿನಾ ಬೆಳಿಗ್ಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದ ಚನ್ನವೀರಮ್ಮ ಒಲೆಯ ಕಡೆ ತಿರುಗಿಕೊಂಡಳು.