ಬೀಜದ ಜೋಳ, ಹೆಪ್ಪಿನ ಜೋಳ

ಗುಬ್ಬಿ ತಾಲ್ಲೂಕಿನ ಕಡಬದ ಪುಟ್ಟರಂಗಯ್ಯನವರ ಮನೆಯಲ್ಲಿ ಹದಿನೈದು ದಿನಗಳಿಂದ ಸೊಸೆ ರಂಗಲಕ್ಷ್ಮಮ್ಮ ಹಾಲಿಗೆ ಹೆಪ್ಪು ಹಾಕುತ್ತಿರಲಿಲ್ಲ. ಅತ್ತೆ ಚಿಕ್ಕಗಂಗಮ್ಮ ಹಾಕಲು ಬಿಡುತ್ತಿರಲಿಲ್ಲ.

"ಅವಳ ಕೈಗುಣ ಸರಿಯಿಲ್ಲ ಕಣವ್ವ" ಎಂದು ಆಕೆ ಜಗಲಿಯ ಮೇಲೆ ಕೂತು ನನಗೆ ಹೇಳಿದರು, ಒಳಗಿದ್ದ ಸೊಸೆಗೂ ಕೇಳುವ ಹಾಗೆ. "ಮೂರು ಸಲ ಅಣಬೆ ಬೀಜ ಮಾಡಿದ್ಲು. ಮೂರು ಸಲಾನೂ ಕೆಟ್ಟೋಯ್ತು. ಇನ್ನು ಹಾಲು ಮುಟ್ಟಿಸ್ತೀನಾ? ನಾಳೆ ಇವಳು ಹೊಲಕ್ಕೆ ಬೀಜ ಎರಚಿದ್ರೆ ಮೊಳಕೆ ಬಂದಾತಾ?"

ಅದು 1986. ನಾನು ತುಮಕೂರಿನ ಒಂದು ತರಬೇತಿ ಕೇಂದ್ರದಲ್ಲಿ ಹೆಂಗಸರಿಗೆ ಅಣಬೆ ಬೆಳೆಯುವುದನ್ನು ಕಲಿಸುತ್ತಿದ್ದೆ. ಗುಬ್ಬಿ, ಕುಣಿಗಲ್ ಎರಡೂ ತಾಲ್ಲೂಕುಗಳು ನನ್ನ ಪಾಲಿಗೆ ಬಂದಿದ್ದವು. ಬಟವಾಡಿಯ ಕ್ಲಿನಿಕ್ಕುಗಳಿಂದ ಖಾಲಿ ಗ್ಲೂಕೋಸ್ ಬಾಟಲಿ ಕೇಳಿ ತಂದು, ತೊಳೆದು, ಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತುತ್ತಿದ್ದೆ. ಕಂಡಕ್ಟರ್ ನನ್ನನ್ನು ಡಾಕ್ಟರಮ್ಮ ಎನ್ನುತ್ತಿದ್ದ. ತಿದ್ದುವುದನ್ನು ಬಿಟ್ಟಿದ್ದೆ.

ಅಣಬೆಗೆ ನಿಜವಾಗಿ ಬೀಜ ಇಲ್ಲ. ಬೇಯಿಸಿದ ಜೋಳದ ಕಾಳಿನ ಮೇಲೆ ಅಣಬೆಯ ಬಿಳಿ ನೂಲನ್ನು ಹಬ್ಬಿಸುತ್ತೇವೆ. ಆ ಕಾಳನ್ನು ಹದ ಮಾಡಿದ ಹುಲ್ಲಿನ ಜೊತೆ ಚೀಲಕ್ಕೆ ತುಂಬಿದರೆ ಅಣಬೆ ಬರುತ್ತದೆ. ಬಿಳಿ ಹಬ್ಬಿದ ಆ ಕಾಳಿಗೆ ಎಲ್ಲರೂ 'ಅಣಬೆ ಬೀಜ' ಎನ್ನುತ್ತಿದ್ದರು. ನಮ್ಮ ಕರಪತ್ರದಲ್ಲೂ ಹಾಗೆಯೇ ಅಚ್ಚಾಗಿತ್ತು. ಕರಪತ್ರ ಬರೆದವಳು ನಾನೇ.

ಮೊದಲ ಸಲ ಜೋಳ ಬೇಯಿಸಿದ್ದು ಚಿಕ್ಕಗಂಗಮ್ಮ. ಕಾಳು ಮೆತ್ತಗಾಗಬೇಕು, ಸಿಪ್ಪೆ ಒಡೆಯಬಾರದು ಎಂದು ನಾನು ನಾಲ್ಕು ಸಲ ಹೇಳಿದ್ದೆ. ಆಕೆ ಮುದ್ದೆಗೆ ತಿರುವುವಷ್ಟು ಬೇಯಿಸಿದ್ದರು.

"ಅರ್ಧ ಬೆಂದಿದ್ದ ಯಾರು ತಿಂತಾರೆ?"

"ತಿನ್ನೋಕಲ್ಲಮ್ಮ, ಅಣಬೆಗೆ."

"ಅಣಬೆ ತಿಂತದಲ್ಲ? ಅದಕ್ಕೆ ಹೊಟ್ಟೆನೋವು ಬರಾಕಿಲ್ವಾ?"

ಒಡೆದ ಕಾಳು ಅಂಟಂಟಾಗಿ, ಬಾಟಲಿಯಲ್ಲಿ ಗಂಜಿಯಾಗಿ, ಹುಳಿ ನಾತ ಹೊಡೆಯಿತು. ಎರಡನೇ ಸಲ ಸೊಸೆಯೇ ಬೇಯಿಸಿದಳು. ಹದ ಸರಿಯಿತ್ತು. ಆದರೆ ನೀರು ಆರುವ ಮೊದಲೇ ಬಾಟಲಿಗೆ ತುಂಬಿಬಿಟ್ಟಳು. ತಳದಲ್ಲಿ ನೀರು ನಿಂತು ಕಾಳು ಲೋಳೆಯಾಯಿತು. ಇವೆರಡರ ಕಾರಣ ನನಗೆ ಗೊತ್ತಾಯಿತು. ಹೇಳಿದೆ. ತಿದ್ದಿಕೊಂಡಳು.

ಮೂರನೇ ಸಲ ರಂಗಲಕ್ಷ್ಮಮ್ಮ ಒಂದು ತಪ್ಪೂ ಮಾಡಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ. ಆದರೂ ಹದಿನೈದು ದಿನವಾದ ಮೇಲೆ ಬಾಟಲಿ ಹಾಕಿದ ದಿನ ಹೇಗಿತ್ತೋ ಹಾಗೇ ಇತ್ತು. ಬಿಳಿ ಇಲ್ಲ, ಹಸಿರು ಬೂಷ್ಟು ಇಲ್ಲ, ನಾತವೂ ಇಲ್ಲ. ಕೆಡುವುದಕ್ಕೂ ಒಂದು ಜೀವ ಬೇಕು. ಅದೂ ಇರಲಿಲ್ಲ. ಆಗಲೇ ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ, ಬೇಜಾರು ಮಾಡಿಕೊಂಡು ಬಸ್ಸು ಹತ್ತಿದೆ.

ನಾನು ಅತ್ತ ಹೋಗುತ್ತಿದ್ದಂತೆ ಮನೆಯಲ್ಲಿ ತೀರ್ಮಾನವಾಯಿತು. ತಪ್ಪು ಸೊಸೆಯ ಕೈಯದು.

ನಾಲ್ಕನೇ ಸಲ ಹೋದಾಗ ಮಾತಾಡಿದ್ದು ರಂಗಲಕ್ಷ್ಮಮ್ಮ. ಯಾವಾಗಲೂ ಮೆಲ್ಲಗೆ ಮಾತಾಡುವವಳು.

"ಮೇಡಂ, ಸಾಕು. ಮಾರ್ಕೋನಹಳ್ಳಿ ಬೀಗರ ಮನೆಯಿಂದ ತರಿಸಿದ್ದ ಭತ್ತದ ಹುಲ್ಲನ್ನ ಎಮ್ಮೆ ತಿಂದು ಮುಗಿಸ್ತಾ ಐತೆ. ಪಕ್ಕದ ಮನೆ ಸಿದ್ದಲಕ್ಷ್ಮಮ್ಮ ನನ್ನ ಕೈಲಿ ಉಪ್ಪಿನಕಾಯಿ ಜಾಡಿ ಈಸ್ಕಳಲ್ಲ, ಕೆಳಗಿಡು ಅಂತಾಳೆ. ಹನ್ನೊಂದು ವರ್ಷ ಈ ಮನೇಲಿ ಮೊಸರು ನಾನೇ ಮಾಡ್ದೆ. ಈಗ ಈ ಕೈ ಕತ್ತರಿಸಿ ಎಲ್ಲಿ ಮಡಗ್ಲಿ?"

ಅಷ್ಟರಲ್ಲಿ ತೋಟದಿಂದ ಪುಟ್ಟರಂಗಯ್ಯ ಬಂದರು. ಅವರ ಬಿಳಿ ಪಂಚೆಯ ತುಂಬ ಗುಲಾಬಿ ಕಲೆ.

"ಇದೇನು ಯಜಮಾನ್ರೇ, ಓಕುಳಿ ಆಡಿದ್ರಾ?"

"ಏ, ನಿಮ್ಮ ಅಣಬೆಯಿಂದಾನೇ ಆಗಿದ್ದು ಕಣಮ್ಮ! ಜೋಳ ಆರಾಕೋಕೆ ಶುದ್ಧ ಬಟ್ಟೆ ಬೇಕು ಅಂದ್ರಂತೆ. ಸೊಸೆ ನನ್ನ ಒಳ್ಳೇ ಪಂಚೆ ಎತ್ಕಂಡೋದ್ಲು. ನೋಡಿ, ಈಗ ಎಲ್ಲಿಗೋದ್ರೂ ಮದುವೆ ಗಂಡಾ ಅಂತಾರೆ."

"ಜೋಳ ಯಾಕೆ ಬಣ್ಣ ಬಿಡುತ್ತೆ?"

"ಬೀಜದ ಜೋಳ ಅಲ್ವಾ? ಬಣ್ಣ ಇರ್ತದೆ."

ನಾನು ಕೂತಿದ್ದವಳು ಎದ್ದೆ.

"ಎಲ್ಲಿಂದ ತಂದ್ರಿ?"

"ಗುಬ್ಬಿಯಿಂದ. ಬೀಜದ ಅಂಗಡಿಯಿಂದ. ಮೂರು ಸಲಾನೂ ನಾನೇ ಹೋಗಿ ತಂದೆ." ಅವರ ಎದೆ ಉಬ್ಬಿತ್ತು. "ನಿಮ್ಮ ಕಾಗದದಲ್ಲೇ ಬರೆದೈತಲ್ಲ, ಅಣಬೆ ಬೀಜ ಮಾಡೋ ವಿಧಾನ, ಒಳ್ಳೇ ಜೋಳ ಆರಿಸಿ ಅಂತ. ಬೀಜ ಮಾಡೋಕೆ ಬೀಜದ ಜೋಳ ಹಾಕ್ಬೇಕೋ, ರೊಟ್ಟಿ ಜೋಳ ಹಾಕ್ಬೇಕೋ? ನಾನೇನು ಅಷ್ಟು ಹೆಡ್ಡನಾ?"

"ನಾನು ಬಂದಾಗ ಜೋಳ ಬೆಳ್ಳಗೇ ಇತ್ತಲ್ಲ!"

ರಂಗಲಕ್ಷ್ಮಮ್ಮ ಹೇಳಿದಳು, "ಚೆನ್ನಾಗಿ ತೊಳೀರಿ ಅಂದಿದ್ರಿ ಮೇಡಂ. ಒಂದು ನೀರಲ್ಲಿ ತೊಳೆದು ಪಂಚೆ ಮೇಲೆ ಆರಾಕಿದ್ದೆ, ಬಣ್ಣ ಬಿಡ್ತು ಅಂತ ಅದು ಹೋಗೋವರೆಗೂ ಆಮೇಲೆ ಏಳು ನೀರಲ್ಲಿ ತೊಳೆದೆ. ನೀವು ಬರೋ ಹೊತ್ಗೆ ನೆನೆಹಾಕಿ ಆಗಿರ್ತಿತ್ತು."

ನನಗೆ ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಬಿತ್ತನೆ ಜೋಳಕ್ಕೆ ಔಷಧಿ ಸವರಿರುತ್ತಾರೆ. ನೆಲದಲ್ಲಿ ಬೂಷ್ಟು ಹಿಡಿಯದಿರಲಿ ಎಂದು. ತಪ್ಪಿ ಯಾರೂ ತಿನ್ನದಿರಲಿ ಎಂದು ಅದಕ್ಕೆ ಬಣ್ಣ ಬೆರೆಸುತ್ತಾರೆ. ತೊಳೆದರೆ ಬಣ್ಣ ಹೋಗಬಹುದು, ಎಷ್ಟು ತೊಳೆದರೂ ಔಷಧಿ ಪೂರ್ತಿ ಹೋಗುವುದಿಲ್ಲ. ಮೊದಲೆರಡು ಸಲ ಬಾಟಲಿ ಕೆಟ್ಟದ್ದು ಬೂಷ್ಟಿನಿಂದಲ್ಲ, ಒದ್ದೆಯಿಂದ; ಅದನ್ನು ಈ ಔಷಧಿ ತಡೆಯುವುದಿಲ್ಲ.

"ಯಜಮಾನ್ರೇ, ಅಣಬೆಯೂ ಬೂಷ್ಟಿನ ಜಾತಿಯದೇ. ಬೂಷ್ಟು ಸಾಯಿಸೋ ಔಷಧಿ ಹಾಕಿರೋ ಕಾಳಿನ ಮೇಲೆ ಅಣಬೇನ ಬೆಳಿ ಅಂತ ಮೂರು ಸಲ ಕೂರಿಸಿದ್ದೀವಿ. ಅದು ಹೇಗೆ ಬದುಕುತ್ತೆ?"

ಪುಟ್ಟರಂಗಯ್ಯ ಪಂಚೆ ನೋಡಿಕೊಂಡರು.

"ಆ ಕೆಟ್ಟ ಬಾಟಲಿಗಳೆಲ್ಲಿ?"

"ಅಗೋ, ಕೋಳಿಗೆ ಹಾಕೋಣ ಅಂತ ಈಚೆ ಇಟ್ಟೀನಿ" ಎಂದರು ಚಿಕ್ಕಗಂಗಮ್ಮ. "ಬೆಂದ ಕಾಳು, ಯಾಕೆ ದಂಡ ಮಾಡೋದು?"

ನಾನು ಓಡಿದೆ. ಇನ್ನೂ ಹಾಕಿರಲಿಲ್ಲ. ಅದನ್ನು ಕೋಳಿಗೂ ಹಾಕಬಾರದು, ದನಕ್ಕೂ ಹಾಕಬಾರದು ಎಂದು ಹೇಳಿ, ಬಾವಿಯಿಂದ ದೂರ ಗುಂಡಿ ತೋಡಿಸಿ ಹೂಳಿಸಿದೆ. ಬೇಯಿಸಿದ ಪಾತ್ರೆಯನ್ನು ಅಡಿಗೆಗೆ ಮತ್ತೆ ಸೇರಿಸಬೇಡಿ ಎಂದೆ. ಚಿಕ್ಕಗಂಗಮ್ಮನಿಗೆ ಪಾತ್ರೆ ಹೋದದ್ದೇ ಹೆಚ್ಚಿನ ಸಂಕಟ.

"ಔಷಧಿ ಇದ್ರೂ ಇರಲಿ ಬುಡವ್ವ. ನನ್ನ ಕೈಲಿ ಹಾಕಿದ್ರೆ ಬಂದಿರೋದು. ನಾನು ಹಾಕಿದ್ದು ಯಾವುದು ಕೆಟ್ಟೈತೆ?"

ಅಷ್ಟು ಹೇಳಿದ ಮೇಲೂ ಅದೇ ಮಾತು. ನನಗೆ ತಾಳ್ಮೆ ಮುಗಿದಿತ್ತು.

"ಸರಿ. ನೀವೇ ಹಾಕಿ. ನಾಲ್ಕು ಬಾಟಲಿ ಮಾಡೋಣ. ಎರಡರಲ್ಲಿ ಅಂಗಡಿಯ ಬೀಜದ ಜೋಳ, ಎರಡರಲ್ಲಿ ಮನೆ ಕಣಜದ ಜೋಳ. ಎರಡೂ ಜೋಳದ ಒಂದೊಂದು ಬಾಟಲಿಗೆ ನೀವು ಹಾಕಿ, ಉಳಿದ ಒಂದೊಂದಕ್ಕೆ ಅವಳು ಹಾಕಲಿ. ನಿಮ್ಮ ಬಾಟಲಿಗೆ ಕೆಂಪು ದಾರ, ಅವಳದಕ್ಕೆ ಬಿಳಿ ದಾರ. ಕೈಯೋ ಜೋಳವೋ ನೋಡೇಬಿಡೋಣ."

"ನೋಡಾನ" ಎಂದರು ಚಿಕ್ಕಗಂಗಮ್ಮ. ಅವರಿಗೆ ಗೆಲ್ಲುವ ಧೈರ್ಯವಿತ್ತು.

ಮನೆಯ ಜೋಳವನ್ನು ಮೊರದಲ್ಲಿ ಕೇರಿಸಿದೆ. ಒಡೆದ ಕಾಳು, ಹುಳು ಕೊರೆದ ಕಾಳು, ಜೊಳ್ಳು ಎಲ್ಲ ಆಚೆ. ಈ ವರ್ಷದ ಗಟ್ಟಿ ಕಾಳು ಮಾತ್ರ ಉಳಿಯಿತು. ತೊಳೆದು ಒಂದು ರಾತ್ರಿ ನೆನೆಸಿ, ಮಾರನೆಯ ಬೆಳಿಗ್ಗೆ ಅರ್ಧ ಗಂಟೆ ಬೇಯಿಸಿದೆವು. ಬೀಜದ ಜೋಳಕ್ಕೆ ಬೇರೆ ನೀರು, ಆ ಹಾಳಾದ ಪಾತ್ರೆ.

"ಹದ ಎಂಗೆ ಗೊತ್ತಾಯ್ತದೆ?" ಎಂದರು ಚಿಕ್ಕಗಂಗಮ್ಮ. ಈ ಸಲ ಕೇಳಿದರು, ಅದೇ ದೊಡ್ಡದು.

"ಎರಡು ಬೆರಳಲ್ಲಿ ಹಿಚುಕಿ. ಚಪ್ಪಟೆ ಆಗ್ಬೇಕು, ಒಳಗೆ ಹಸಿ ಹಿಟ್ಟು ಕಾಣಬಾರದು, ಸಿಪ್ಪೆ ಒಡೆದಿರಬಾರದು."

ನೀರು ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಹರಡಿದೆವು. ಪಂಚೆ ಕೊಡಲು ಪುಟ್ಟರಂಗಯ್ಯ ಒಪ್ಪಲಿಲ್ಲ, ಹಳೆಯ ಸೀರೆ ಸಿಕ್ಕಿತು. ಹಿಡಿ ತುಂಬ ಕಾಳು ಹಿಡಿದು ಬಿಟ್ಟರೆ ಅಂಗೈ ಒದ್ದೆಯಾಗದಷ್ಟು ಆರಿಸಿದೆವು. ಒಂದು ಕೆಜಿ ಒಣಜೋಳಕ್ಕೆ ಇಪ್ಪತ್ತು ಗ್ರಾಂ ಜಿಪ್ಸಂ, ಇಪ್ಪತ್ತು ಗ್ರಾಂ ಸೀಮೆಸುಣ್ಣದ ಪುಡಿ ಬೆರೆಸಿದೆವು. ಕಾಳು ಒಂದಕ್ಕೊಂದು ಅಂಟದಿರಲು ಇದು ಬೇಕು. ಬಾಟಲಿಗೆ ಮುಕ್ಕಾಲಿಗಿಂತ ಕಡಿಮೆ ತುಂಬಿ, ಬಾಯಿಗೆ ಹತ್ತಿ ಗಿಡಿದು, ಮೇಲೆ ಕಾಗದ ಕಟ್ಟಿ, ಮಹಿಳಾ ಮಂಡಳಿಯ ದೊಡ್ಡ ಕುಕ್ಕರಿನಲ್ಲಿಟ್ಟೆವು. ಪೂರ್ತಿ ಆವಿ ಏರಿದ ಮೇಲೆ ಒಂದೂವರೆ ಗಂಟೆ.

ಕುಕ್ಕರ್ ಇಳಿಸಿದ ಕೂಡಲೇ ಚಿಕ್ಕಗಂಗಮ್ಮ ಕೈ ತೊಳೆದು ಬಂದರು. "ಕೊಡಿ, ಹಾಕ್ತೀನಿ."

"ಇನ್ನೂ ಬಿಸಿ ಇದೆ."

"ಬಿಸಿ ಇದ್ರೆ ಏನಾಯ್ತದೆ?"

ವಿವರಿಸಿ ವಿವರಿಸಿ ಸಾಕಾಗಿತ್ತು. "ಕುದಿಯೋ ಹಾಲಿಗೆ ಹೆಪ್ಪು ಹಾಕ್ತೀರಾ?" ಎಂದೆ.

ಆಕೆ ನಿಂತರು. "ಓಹೋ. ಇದು ಬೀಜ ಅಲ್ಲ, ಹೆಪ್ಪು ಅನ್ನಿ!"

"ಹೆಪ್ಪೇ."

"ಅಂಗಂತ ಮೊದಲೇ ಬರೀಬಾರ್ದಾಗಿತ್ತಾ ತಾಯೀ? ಹೆಪ್ಪು ಅಂದ್ರೆ ನಮಗೆ ಗೊತ್ತಿಲ್ವಾ? ಪಾತ್ರೆ ಶುದ್ಧ ಇರ್ಬೇಕು, ಹಾಲು ಕಾದು ಆರಿರ್ಬೇಕು, ಹಾಕಿದ ಮೇಲೆ ಕಲಕಬಾರ್ದು, ಇಣುಕಿ ನೋಡಬಾರ್ದು. ಇಷ್ಟು ಓದ್ಕಂಡು ಬೀಜ ಬೀಜ ಅಂತ ನಮ್ಮೆಜಮಾನ್ರ ಪಂಚೆ ಹಾಳ್ಮಾಡಿದ್ರಲ್ಲ!"

ಮೂರು ಸಲ ಬಂದು ನಾನು ಕಲಿಸಲಾಗದ್ದನ್ನು ಒಂದು ಪದ ಕಲಿಸಿತ್ತು. ಆ ಪದ ಅವರ ಅಡಿಗೆಮನೆಯಲ್ಲೇ ಇತ್ತು.

ಬಾಟಲಿ ಪೂರ್ತಿ ಆರಿದ ಮೇಲೆ, ಗಾಳಿ ಆಡದಂತೆ ಬಾಗಿಲು ಮುಚ್ಚಿ, ಕೈಗೆ ಸ್ಪಿರಿಟ್ ಒರೆಸಿ, ಅದು ಆರಿದ ಮೇಲೆ ದೀಪ ಹಚ್ಚಿಕೊಂಡು, ಅದರ ಪಕ್ಕದಲ್ಲೇ ಅತ್ತೆ ಎರಡು, ಸೊಸೆ ಎರಡು ಬಾಟಲಿಗೆ ನಾನು ಕೇಂದ್ರದಿಂದ ತಂದಿದ್ದ, ಬಿಳಿ ನೂಲು ಹಬ್ಬಿದ ಮೂಲ ಹೆಪ್ಪನ್ನು ಹಾಕಿದರು. ಅಟ್ಟದ ಕೆಳಗಿನ ತಂಪು ಕೋಣೆಯಲ್ಲಿ ಇಟ್ಟೆವು. ಇಣುಕಬೇಡಿ ಎಂದು ಈ ಸಲ ನಾನು ಹೇಳಬೇಕಾಗಲಿಲ್ಲ.

ಹದಿನಾರನೆಯ ದಿನ ಹೋದೆ. ಸಿದ್ದಲಕ್ಷ್ಮಮ್ಮ ಮೊದಲೇ ಬಂದು ಕೂತಿದ್ದಳು. ಪುಟ್ಟರಂಗಯ್ಯ ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ತಂದರು.

ಬೀಜದ ಜೋಳ, ಬಿಳಿ ದಾರ. ಏನೂ ಇಲ್ಲ.

"ನಾನೇಳ್ಲಿಲ್ವಾ?" ಎಂದರು ಚಿಕ್ಕಗಂಗಮ್ಮ.

ಬೀಜದ ಜೋಳ, ಕೆಂಪು ದಾರ. ಏನೂ ಇಲ್ಲ. ಕಾಳು ಹಾಗೇ ಇತ್ತು.

"ಇದು ಯಾರದು?" ಎಂದಳು ಸಿದ್ದಲಕ್ಷ್ಮಮ್ಮ, ಗೊತ್ತಿದ್ದೂ.

ಮನೆ ಜೋಳ, ಕೆಂಪು ದಾರ. ಬಾಟಲಿ ತುಂಬ ಬೆಳ್ಳಗೆ, ಹಿಂಜಿದ ಹತ್ತಿಯಂತೆ. ಕೊನೆಯದು ಮನೆ ಜೋಳ, ಬಿಳಿ ದಾರ. ಅದೂ ಬೆಳ್ಳಗೆ. ಎರಡಕ್ಕೂ ಒಂದು ಕೂದಲೆಳೆ ವ್ಯತ್ಯಾಸವಿರಲಿಲ್ಲ.

ಪುಟ್ಟರಂಗಯ್ಯ ಎರಡು ಬಾಟಲಿಯನ್ನೂ ಅಕ್ಕಪಕ್ಕ ಹಿಡಿದರು. "ಲೇ ಗಂಗೀ, ಕೈದೇನಿಲ್ಲ ಕಣೇ. ಜೋಳದ್ದು. ಜೋಳ ತಂದೋನು ನಾನು. ಬಯ್ಯೋದಾದ್ರೆ ನನ್ನ ಬಯ್ಯಿ."

ಚಿಕ್ಕಗಂಗಮ್ಮ ಗಂಡನನ್ನು ಬಯ್ಯಲಿಲ್ಲ. ಸೊಸೆಯ ಕ್ಷಮೆಯನ್ನೂ ಕೇಳಲಿಲ್ಲ. ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ರೇಗಿದ ದನಿ ಬಂತು.

"ರಂಗೀ! ಅಲ್ಲೇ ಕುಂತಿದೀಯಲ್ಲೇ? ಹಾಲು ಆರೋಗ್ತಾ ಐತೆ. ಹೆಪ್ಪು ಹಾಕೋರು ಯಾರು, ನಾನಾ?"

ರಂಗಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಓಡಿದಳು.

ನಾನು ತುಮಕೂರಿಗೆ ಬಂದು ಕರಪತ್ರ ತಿದ್ದಿದೆ. ಈಗ ನಿಮ್ಮ ಕೈಯಲ್ಲಿರುವುದು ಅದೇ. ಇದರಲ್ಲಿ 'ಅಣಬೆ ಬೀಜ' ಎಂಬ ಮಾತಿಲ್ಲ, 'ಅಣಬೆ ಹೆಪ್ಪು' ಎಂದಿದೆ. ಅಕ್ಕಂದಿರೇ, ಹೆಪ್ಪಿಗೆ ನಿಮ್ಮ ಮನೆಯ ತಿನ್ನುವ ಜೋಳವನ್ನೇ ಆರಿಸಿ. ಬಿತ್ತನೆಯ ಜೋಳ ಎಷ್ಟು ಚೆಂದವಿದ್ದರೂ, ಎಷ್ಟು ತೊಳೆದರೂ ಬೇಡ. ಅದು ಹೊಲಕ್ಕೆ, ಬಾಟಲಿಗೂ ಅಲ್ಲ, ಕೋಳಿಗೂ ಅಲ್ಲ. ಸಿಪ್ಪೆ ಒಡೆಯದಂತೆ ಬೇಯಿಸಿ, ಅಂಗೈ ಒದ್ದೆಯಾಗದಂತೆ ಆರಿಸಿ, ಬಾಟಲಿ ತಣ್ಣಗಾದ ಮೇಲೆ ಹೆಪ್ಪು ಹಾಕಿ. ಹಸಿರೋ ಕಪ್ಪೋ ಕಂಡರೆ, ಹುಳಿ ನಾತ ಬಂದರೆ, ಬಾಟಲಿಯನ್ನು ಮನೆಯೊಳಗೆ ತೆರೆಯದೆ ದೂರ ಒಯ್ದು ಹೂಳಿ.

ಒಂದು ಸಲ ಕೆಟ್ಟರೆ, ಜೋಳ ಎಲ್ಲಿಂದ ಬಂತು ಎಂದು ಮೊದಲು ಕೇಳಿ. ಕೈ ಯಾರದು ಎಂದು ಆಮೇಲೂ ಕೇಳಬೇಡಿ.